ಹಳ್ಳದ ಬನದ ತಾಯಿಮರ

ಯಲ್ಲೂ, ಹನುಮಂತಾ, ನಿಮ್ಮ ಅಪ್ಪನ ಅಜ್ಜ, ನನ್ನ ಮಾವ ಭೀಮಪ್ಪನವರ ಉಡಿಯಲ್ಲಿ ಯಾವಾಗಲೂ ಆಡಿನ ಹಿಕ್ಕೆ ಇರುತ್ತಿದ್ದವು. ನಗಬೇಡಿ. ಮದುವೆಯಾಗಿ ಜಕ್ಕಲಿಯಿಂದ ಬೆಳವಣಕಿಗೆ ಬಂದ ದಿನ ನಾನು ಅವರ ಕಾಲಿಗೆ ನಮಸ್ಕರಿಸಿದೆ. ಆಶೀರ್ವಾದ ಮಾಡಲು ಅವರು ಬಾಗಿದರು. ದೋತರದ ಉಡಿ ಸಡಿಲಾಗಿ ನಾಲ್ಕಾರು ಹಿಕ್ಕೆ ನನ್ನ ತಲೆಯ ಮೇಲೆ ಉದುರಿದವು.

ಅತ್ತೆ ಹೌಹಾರಿದರು. "ಅಯ್ಯ ನಿಮ್ಮ! ಹೊಸ ಸೊಸಿಗೆ ಅಕ್ಕಿಕಾಳ ಹಾಕೂದು ಬಿಟ್ಟು ಇದೇನ್ರಿ?"

"ಅಕ್ಕಿಕಾಳ ಹಾಕಿದ್ರ ಏನ ಹುಟ್ಟತೈತಿ? ಇದರಾಗ ಜಾಲಿ ಬೀಜ ಐತಿ," ಎಂದರು ಮಾವ.

ಹಳ್ಳದ ದಂಡೆಗೆ ಊರಿನ ಜಾಲಿ ಬನವಿತ್ತು. ನಮ್ಮ ಎರೆನೆಲದಲ್ಲಿ ನೇಗಿಲಿಗೂ ಬಂಡಿಯ ಗಾಲಿಗೂ ಅದೇ ಕಟ್ಟಿಗೆ. ಬನದ ಉಸ್ತುವಾರಿಯನ್ನು ಊರವರು ಮಾವನಿಗೆ ಬಿಟ್ಟಿದ್ದರು. ಅವರು ಅದನ್ನು ಪಟ್ಟಿಗಳಾಗಿ ಮಾಡಿ, ವರ್ಷಕ್ಕೆ ಒಂದೇ ಪಟ್ಟಿ ಕಡಿಸುತ್ತಿದ್ದರು. ಕಡಿದಲ್ಲಿಯೂ ನೆಟ್ಟಗೆ ಬೆಳೆದ ಒಂದು ಮರವನ್ನು ಬೀಜಕ್ಕೆಂದು ಉಳಿಸುತ್ತಿದ್ದರು. ಅದು ತಾಯಿಮರ. ತಾನಾಗಿ ಬೀಳುವವರೆಗೆ ಅದಕ್ಕೆ ಯಾರೂ ಕೊಡಲಿ ತಾಗಿಸುವಂತಿಲ್ಲ. ಬಿದ್ದರೆ ಮನೆಗೊಂದು ಪಾಲು.

ಬೇಸಿಗೆಯಲ್ಲಿ ಗಜೇಂದ್ರಗಡದ ಗುಡ್ಡದ ಕಡೆಯಿಂದ ಕುರುಬ ಮಾಳಪ್ಪ ತನ್ನ ಹಿಂಡು ಹೊಡೆದುಕೊಂಡು ಬರುತ್ತಿದ್ದ. ಜಾಲಿಕಾಯಿ ತಿಂದ ಅವನ ಆಡುಗಳನ್ನು ಮಾವ ಕಡಿದ ಪಟ್ಟಿಯಲ್ಲೇ ಮಲಗಿಸುತ್ತಿದ್ದರು. ಹಿಂಡು ಬೇರೆ ಕಡೆ ಮಲಗಿದರೆ ಅಲ್ಲಿಯ ಹಿಕ್ಕೆಯನ್ನು ಉಡಿಯಲ್ಲಿ ತುಂಬಿ ತರುತ್ತಿದ್ದರು. "ಬರೇ ಬೀಜ ಒಗದ್ರ ಹರಳ ಒಗದಾಂಗ ಬಿದ್ದಿರತೈತಿ. ಆಡಿನ ಹೊಟ್ಟಿ ಬಿಸಿಗೆ ಅದರ ಸೊಕ್ಕ ಇಳೀಬೇಕು," ಎನ್ನುತ್ತಿದ್ದರು. ಮಳೆಯಾಗಿ ಸಸಿ ಎದ್ದ ಕೂಡಲೇ ಅದೇ ಮಾಳಪ್ಪನನ್ನು ಅಟ್ಟುತ್ತಿದ್ದರು.

"ನಿನ್ನಿ ತನಕ ಬಾ ಬಾ ಅಂದ್ರಿ. ಬೀಗರನ್ನ ಹಿಂಗ ಕಳಸೂದೇನ್ರಿ, ಯಜಮಾನ್ರ?"

"ಬಿತ್ತೂದೂ ನಿನ್ನ ಆಡ, ಮೇಯೂದೂ ನಿನ್ನ ಆಡ. ಬಿತ್ತಿಗಿ ಮುಗೀತು, ನಡಿ ಇನ್ನ!"

ಆಮೇಲೆ ಸುತ್ತ ಮುಳ್ಳಿನ ಬೇಲಿ. ಆಡು ಹಿಂಗಾಲ ಮೇಲೆ ನಿಂತರೂ ತುದಿ ಎಟುಕದಷ್ಟು ಸಸಿ ಬೆಳೆಯುವವರೆಗೆ ನಮ್ಮ ಮನೆಯ ಆಡನ್ನೂ ಒಳಗೆ ಬಿಡುತ್ತಿರಲಿಲ್ಲ.

ಆಗ ಸೊಸೆ ಮಾವನೆದುರು ನೇರ ಮಾತಾಡುವ ಪದ್ಧತಿ ಇರಲಿಲ್ಲ. ಮೊದಲೇ ನಾನು ನಾಚಿಕೆಯವಳು. ಏನಾದರೂ ಕೇಳಬೇಕೆಂದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದೆ. ಮಾವ ಅಲ್ಲೇ ಕಟ್ಟಿದ ಕರುವಿಗೆ ಉತ್ತರ ಕೊಡುತ್ತಿದ್ದರು. ಒಮ್ಮೆ ತೊಗಲು ಹದ ಮಾಡುವವರು ಯಾರೋ ಒಂದು ಜಾಲಿಮರದ ತೊಗಟೆಯನ್ನು ಸುತ್ತಲೂ ಸುಲಿದುಕೊಂಡು ಹೋಗಿದ್ದರು. ಆ ಮರ ಸತ್ತಂತೆಯೇ ಎಂದು ಮಾವ ಮರುಗುತ್ತಿದ್ದರು. ನಾನು ನೀರಿಗೆ ಹೋದಾಗ ನೋಡಿದರೆ ಎಲೆಯೆಲ್ಲ ಹಸಿರಾಗಿತ್ತು. ಕಂಬವನ್ನು ಕೇಳಿದೆ.

"ಏ ಕರಾ, ಆಕಿಗೆ ಹೇಳು," ಎಂದರು ಮಾವ. "ನೀರು ಕಟ್ಟಿಗ್ಯಾಗ ಹಾದು ಮ್ಯಾಲ ಏರತೈತಿ, ಅದಕ್ಕ ಎಲಿ ಹಸರ ಅದಾವು. ಎಲಿ ಮಾಡಿದ ಅಡಗಿ ತೊಗಟಿ ಹಿಡದು ಬೇರಿಗೆ ಇಳೀಬೇಕು. ಆ ದಾರೀನ ಹೋತು. ಮ್ಯಾಲ ಜಾತ್ರಿ ಕಂಡಾಂಗ ಕಾಣತೈತಿ, ಕೆಳಗ ಬೇರ ಉಪವಾಸ ಬಿದ್ದಾವ ಅಂತ ಹೇಳು."

ಕೊಡಲಿಯ ಬೆನ್ನಿನಿಂದ ಕಾಂಡ ಬಡಿದು, ಕಿವಿಯಿಟ್ಟು, ಒಳಗೆ ಗಟ್ಟಿಯೋ ಟೊಳ್ಳೋ ಹೇಳುತ್ತಿದ್ದರು. ಸುತ್ತಲಿನ ಊರಿನ ಬಡಿಗರೂ ಮರ ಕೊಳ್ಳುವ ಮುಂಚೆ ಅವರನ್ನು ಕರೆಯುತ್ತಿದ್ದರು.

ನಿಮ್ಮ ಅಜ್ಜ ಅವರ ಒಬ್ಬನೇ ಮಗ. ಅವರ ಹೆಸರನ್ನು ನಾನು ಬರೆಯಲಾರೆ, ನಿಮಗೆ ಗೊತ್ತಿದೆ. ಅವರಿಗೆ ಬಂಡಿಯೆಂದರೆ ಜೀವ. ಬನದ ಒಂದು ಹಳೆಯ ಮರದಿಂದ ಮಾಡಿಸಿದ ಬಂಡಿ ಅದು. ರೋಣದ ಸಂತೆಗೆ ಹೊರಟರೆ ಗಾಲಿಯ ಸಪ್ಪಳದ ಮೇಲೇ ಹಾಡು ಕಟ್ಟುತ್ತಿದ್ದರು. ನಾನು ಮದುಮಗಳಾಗಿ ಬಂದದ್ದೂ ಅದರಲ್ಲೇ.

ನರಗುಂದದ ರೈತರ ಗಲಾಟೆಗೆ ಮುಂಚಿನ ವರ್ಷ, ಶ್ರಾವಣದಲ್ಲಿ, ಊರಿಗೆ ವಾಂತಿಭೇದಿ ಬಂತು. ಬೆಳಿಗ್ಗೆ ಹೊಲಕ್ಕೆ ಹೋದವರು ಸಂಜೆಗೆ ಇರಲಿಲ್ಲ. ನಿಮ್ಮ ಅಜ್ಜನೂ ಅದರಲ್ಲೇ ಹೋದರು. ನಿಮ್ಮ ಅಪ್ಪ ಆಗ ನನ್ನ ಹೊಟ್ಟೆಯಲ್ಲಿದ್ದ.

ಮಳೆ ಬಿಡುತ್ತಿರಲಿಲ್ಲ. ಸಗಣಿಯ ಕುಳ್ಳು ನೆಂದು ಹೋಗಿದ್ದವು. ಊರಿನ ಒಣ ಕಟ್ಟಿಗೆಯೆಲ್ಲ ಮೊದಲು ಸತ್ತವರ ಚಿತೆಗಳಿಗೆ ತೀರಿತ್ತು. ಬನದ ಮಿಕ್ಕ ಮರಗಳು ಹಸಿ, ಉರಿಯುವಂಥದ್ದು ಉಳಿದದ್ದು ಹಳ್ಳದ ತಿರುವಿನ ತಾಯಿಮರ ಒಂದೇ. ಎಲ್ಲಕ್ಕಿಂತ ಹಳೆಯದು, ಅರ್ಧ ಟೊಂಗೆ ಒಣಗಿ ನಿಂತಿದ್ದವು. ಗೌಡರು ನಾಲ್ಕು ಆಳು ಕರೆದುಕೊಂಡು, ಕೊಡಲಿ ಹಿಡಿಸಿಕೊಂಡು ನಮ್ಮ ಅಂಗಳಕ್ಕೆ ಬಂದರು.

"ಭೀಮಪ್ಪ, ಹೂಂ ಅನ್ನು. ಊರಿನ ಮರ, ಊರ ಕೊಡತೈತಿ."

"ಬ್ಯಾಡ್ರಿ ಗೌಡ್ರ."

ಅತ್ತೆ ಮಗನ ತಲೆಯನ್ನು ತೊಡೆಯಿಂದ ಇಳಿಸಿ ಎದ್ದು ಬಂದರು. "ಮರಾ ಹೆಚ್ಚಾತೇನ್ರಿ ನಿಮಗ, ಹೊಟ್ಟೀಲೆ ಹುಟ್ಟಿದ ಮಗನಕಿಂತ?"

"ಹೆಚ್ಚಲ್ಲ. ಕಲ್ಲವ್ವ ತನ್ನ ಮಗಗ ಬೇಡಿದಾಗ ನಾ ಇಲ್ಲ ಅಂದೀನಿ. ಈಗ ನನ್ನ ಮಗಗ ಹ್ಯಾಂಗ ಹೂಂ ಅನ್ಲಿ?"

ಅದು ಖರೆ. ಅದೇ ವಾರ ಕುಂಬಾರ ಕಲ್ಲವ್ವ ಅತ್ತುಕೊಂಡು ಬಂದಾಗ ತಾಯಿಮರ ಕೊಡದೆ, ನಮ್ಮ ದನದ ಕೊಟ್ಟಿಗೆಯ ಜಂತಿ ಇಳಿಸಿ ಕೊಟ್ಟಿದ್ದರು. ಈಗ ಇಳಿಸಲು ಜಂತಿಯೂ ಇರಲಿಲ್ಲ. ಮಾವ ಅಂಗಳವನ್ನೆಲ್ಲ ನೋಡಿದರು. ಮಳೆನೀರು ಸುರಿಯುತ್ತಿದ್ದ ಮಾಡಿನ ಕೆಳಗೆ ಬಂಡಿ ನಿಂತಿತ್ತು.

"ಬಂಡಿ ಬಿಚ್ಚರಿ," ಎಂದರು.

ಕಟ್ಟಿದ ಬಡಿಗನೇ ಬಿಚ್ಚಿದ. ಗಾಲಿಯ ಕಬ್ಬಿಣದ ಹಳಿ ಕಳಚಿ ಬದಿಗಿಟ್ಟ. ನೊಗ, ಅಚ್ಚು, ಗಾಲಿ ಎಲ್ಲ ನಿಮ್ಮ ಅಜ್ಜನ ಜೊತೆ ಹೋದವು. ಮಾವನ ಕಣ್ಣಲ್ಲಿ ನೀರು ಬರಲಿಲ್ಲ. ಅತ್ತೆ ಅಂದಿನಿಂದ ಅವರ ಜೊತೆ ಮಾತು ಬಿಟ್ಟರು.

ಅಮಾವಾಸ್ಯೆಯ ಸುಮಾರಿಗೆ ಗಾಳಿ ಎದ್ದಿತು. ಆ ತಾಯಿಮರ ಬುಡಸಮೇತ ಬಿತ್ತು. ನೋಡಲು ಹೋದ ಮಾವ ತಿರುಗಿ ಬಂದು ಪಡಸಾಲೆಯಲ್ಲಿ ಕುಳಿತರು. ಬುಡದಲ್ಲಿ ಗೆದ್ದಲು ತಿಂದು ಟೊಳ್ಳಾಗಿತ್ತಂತೆ. ಅವರು ಕಂಬದ ಕಡೆ ನೋಡಲಿಲ್ಲ, ಕರುವಿನ ಕಡೆಯೂ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದರು.

"ನಿನ್ನ ಗಂಡಗ ನಾ ಒಂದು ಮರ ಕೊಡಲಿಲ್ಲವ್ವ."

ಮೊದಲ ಸಲ ನಾನು ಅವರಿಗೆ ನೇರವಾಗಿ ಉತ್ತರ ಕೊಟ್ಟೆ. "ಅವತ್ತ ಅದು ನಿಂತಿತ್ತರಿ, ಮಾವಾರ. ಬೀಳತೈತಿ ಅಂತ ಯಾರಿಗೆ ಗೊತ್ತಿತ್ತು?"

"ನನಗ ಗೊತ್ತಾಗಬೇಕಿತ್ತು. ಊರ ಮಂದಿ ಮರಾ ಎಲ್ಲಾ ಬಡದು ನೋಡೀನಿ. ತಾಯಿಮರಕ್ಕ ಕೊಡ್ಲಿ ಬೆನ್ನೂ ತಾಗಸಬಾರದಂತ ನಾನ ಕಟ್ಟಳಿ ಮಾಡಿ, ಅದೊಂದನ್ನ ಬಡದು ನೋಡಲಿಲ್ಲ. ಒಮ್ಮೆ ಬಡದಿದ್ರ ಸಾಕಿತ್ತವ್ವ, ಒಮ್ಮೆ."

ಆಗ ಅತ್ತರು. ಗಂಡಸು ಹಾಗೆ ಅಳುವುದನ್ನು ನಾನು ಮತ್ತೆ ನೋಡಿಲ್ಲ. ಒಳಗಿನಿಂದ ಅತ್ತೆ ಬಂದು ಅವರ ಬೆನ್ನಿನ ಮೇಲೆ ಕೈಯಿಟ್ಟು ಕುಳಿತರು.

ಬಿದ್ದ ಮರದ ಪಾಲು ಒಯ್ಯಲು ಯಾರೂ ಬರಲಿಲ್ಲ. ಮಾವ ಮನೆಮನೆಗೆ ಹೋಗಿ ಕರೆದರು. ಕಲ್ಲವ್ವ ಬಾಗಿಲಲ್ಲೇ ಕೈ ಮುಗಿದು, "ನನ್ನ ಪಾಲ ಅಲ್ಲೇ ಇರಲಿ, ಯಣ್ಣಾ. ಅದನ್ನ ಹ್ಯಾಂಗ ಒಲಿಗೆ ಹಚ್ಚಲಿ?" ಎಂದಳಂತೆ. ಎಲ್ಲರೂ ಹಾಗೇ ಅಂದರು. ಮರ ಹಳ್ಳದ ದಂಡೆಯಲ್ಲಿ ಒಣಗುತ್ತ ಬಿದ್ದಿತ್ತು.

ಮಾಗಿಯಲ್ಲಿ ನಿಮ್ಮ ಅಪ್ಪ ಹುಟ್ಟಿದ. ಮಾವ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ಕೂಡುತ್ತಿದ್ದರು. ಉಣ್ಣುವುದು ಕಡಿಮೆಯಾಯಿತು. ಬೇಸಿಗೆ ಕಾಲಿಡುವಾಗ ಒಂದು ಬೆಳಿಗ್ಗೆ ನಾನು ನೀರು ಕೊಡಲು ಹೋದರೆ ಕಂಬಕ್ಕೆ ಒರಗಿ ಕುಳಿತಿದ್ದರು, ಜೀವ ಇರಲಿಲ್ಲ. ಊರವರು ಯಾರೂ ಯಾರನ್ನೂ ಕೇಳಲಿಲ್ಲ. ತಂತಮ್ಮ ಪಾಲನ್ನು ತಾವೇ ಹೊತ್ತು ತಂದರು. ಆ ಮರದಲ್ಲೇ ಅವರನ್ನು ಸುಟ್ಟರು.

ಕೆಲವು ದಿನಕ್ಕೆ ಮಾಳಪ್ಪ ಹಿಂಡಿನೊಂದಿಗೆ ಬಂದ. ಈ ವರ್ಷ ಯಾವ ಪಟ್ಟಿಯಲ್ಲಿ ಮಲಗಿಸಲಿ ಎಂದು ಅಂಗಳದಲ್ಲಿ ನಿಂತು ಕೂಗಿದ. ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ಹೇಳುವ ಧೈರ್ಯ ಅತ್ತೆಗೂ ನನಗೂ ಬರಲಿಲ್ಲ, ನೆರೆಯವರು ಹೇಳಿದರು.

ಬನವನ್ನು ಆಮೇಲೆ ಯಾರೂ ಕಾಯಲಿಲ್ಲ. ಹತ್ತಿಗೆ ಬೆಲೆ ಬಂದ ವರ್ಷ ಉಳಿದದ್ದನ್ನೂ ಕಡಿದು ನೆಲ ಹರಗಿದರು. ನೀವು ಹತ್ತಿ ಬಿಡಿಸಲು ಹೋಗುವ ಹಳ್ಳದ ತಿರುವು ಇದೆಯಲ್ಲ, ಅದೇ. ಅಲ್ಲಿ ಈಗ ನೆರಳಿಗೆಂದು ಕೂಡಲು ಒಂದು ಗಿಡವೂ ಇಲ್ಲ. ಮನೆಯಲ್ಲಿ ಮಾವನನ್ನು ಕಂಡ ನೆನಪಿರುವವಳು ಈಗ ನಾನೊಬ್ಬಳೇ. ಈ ಹಾಳೆಗಳಿಗೆ ಗೆದ್ದಲು ಹತ್ತದಂತೆ, ಒಲೆ ಹಚ್ಚುವ ಅವಸರದಲ್ಲಿ ಯಾರೂ ಹರಿಯದಂತೆ, ಎತ್ತರದ ಗೂಡಿನಲ್ಲಿ ಇಟ್ಟುಕೊಳ್ಳಿರಪ್ಪಾ.