ಬಿಸಿಲು ಗಿರಣಿಯ ಪುಟ್ಟಮಲ್ಲಮ್ಮ

“ನಮ್ಮ ದೊಡ್ಡಿಗೆ ಕರೆಂಟ್ ಕಂಬ ಬರಾಕಿಲ್ಲ ಕಣವ್ವ. ಕಾಡೊಳಗೆ ತಂತಿ ಎಳೆಯಂಗಿಲ್ವಂತೆ. ನಾನು ಮದುವೆಯಾಗಿ ಬಂದಾಗ್ಲೂ ಇಂಗೇ ಅಂದ್ರು, ಮೊಮ್ಮಗಳು ಉಟ್ಟಿದಾಗ್ಲೂ ಇಂಗೇ ಅಂದ್ರು. ರಾಗಿ ಬೀಸಿಸಬೇಕು ಅಂದ್ರೆ ಮೂಟೆ ತಲೆ ಮ್ಯಾಲೆ ಒತ್ಕಂಡು ಒಡೆಯರಪಾಳ್ಯದ ಕಡೆಗೆ ಇಳೀಬೇಕು. ದಾರೀಲಿ ಆನೆ ಇದ್ರೆ ಅಲ್ಲೇ ಕುಂತ್ಕಬೇಕು. ಅದು ಓದ್ಮೇಲೆ ನಾವು ಓಗೋದು. ಅಲ್ಲಿ ಓದ್ರೆ ಗಿರಣಿಯವ ‘ಕರೆಂಟ್ ಇಲ್ಲ, ನಾಳೆ ಬನ್ನಿ’ ಅಂತಾನೆ. ಅವನಿಗೆ ನಾಳೆ ಅಂದ್ರೆ ಒಂದು ಮಾತು. ನಮ್ಗೆ ನಾಳೆ ಅಂದ್ರೆ ಇನ್ನೊಂದು ಆನೆ. ಅದಕೇ ಬಿಸಿಲಲ್ಲಿ ತಿರುಗೋ ಗಿರಣಿ ಬತ್ತದೆ ಅಂದಾಗ, ನಾನು ಕಲೀತೀನಿ ಅಂತ ಮುಂದೆ ಓಗಿ ನಿಂತ್ಕಂಡೆ. ಓದು ಬರ್ದಿದ್ರೆ ಏನವ್ವ, ಕಿವಿ ಅದೆಯಲ್ಲ!”

ಹೀಗೆ ಹೇಳುವ ಪುಟ್ಟಮಲ್ಲಮ್ಮನಿಗೆ ಅರವತ್ತು ದಾಟಿದೆ. ಹನೂರು ಸೀಮೆಯ ಕಾಡೊಳಗಿನ ಕಲ್ಲುಹಳ್ಳದ ದೊಡ್ಡಿ ಅವಳ ಊರು, ಮೂವತ್ತು ಮನೆ. ಹೋದ ವರ್ಷ ಕೊಳ್ಳೇಗಾಲದ ಒಂದು ಸಂಘದವರು ಎಂಟು ಸೋಲಾರ್ ಪ್ಲೇಟು ನಿಲ್ಲಿಸಿ, ಪಕ್ಕದ ಶೀಟಿನ ಕೊಠಡಿಯಲ್ಲಿ ಸಣ್ಣ ಹಿಟ್ಟಿನ ಗಿರಣಿ ಇಟ್ಟರು. ಬ್ಯಾಟರಿ ಇಲ್ಲ, ಬಿಸಿಲಿದ್ದಷ್ಟು ಹೊತ್ತು ತಿರುಗುತ್ತದೆ. ಸ್ವಿಚ್ಚು ಹಾಕುವುದನ್ನು ಸಂಘದ ಮೆಕ್ಯಾನಿಕ್ ನಟರಾಜು ಹೇಳಿಕೊಟ್ಟ. ಮೋಡ ಅಡ್ಡ ಬಂದರೆ ಗಿರಣಿಯ ದನಿ ಕುಗ್ಗುತ್ತದೆ ಎಂಬುದನ್ನು ಅವಳೇ ಕೇಳಿ ಕೇಳಿ ಕಲಿತಳು. ದನಿ ಇಳಿಯಿತೋ, ರಾಗಿ ಬಿಡುವ ಕೈ ಹಿಂದಕ್ಕೆ.

ಆಯುಧಪೂಜೆ ಮುಗಿದ ಮಾರನೆಯ ದಿನದಿಂದ ಗಿರಣಿ ಸೊರಗಿತು. ನಡುಹಗಲಲ್ಲೂ ತಿಣುಕುತ್ತ ನಿಂತುಬಿಡುತ್ತಿತ್ತು. ಗುಡ್ಡ ಹತ್ತಿ ಫೋನು ಮಾಡಿಸಿದಳು.

“ಗುರುವಾರ ಬತ್ತೀನಮ್ಮ,” ಎಂದ ನಟರಾಜು. “ಓಡದಿದ್ರೆ ಗಿರಣಿ ಬಿಚ್ಚಿ ಇನ್ನೊಂದು ದೊಡ್ಡಿಗೆ ಸಾಗ್ಸು ಅಂದವ್ರೆ ಸಂಘದವ್ರು. ಆ ದೊಡ್ಡಿಯವ್ರೂ ಕೇಳ್ತಾವ್ರೆ.”

ಹೆಂಗಸರು ಆಗಲೇ ಒಡೆಯರಪಾಳ್ಯಕ್ಕೆ ಹೊರಲು ರಾಗಿ ಮೂಟೆ ಕಟ್ಟತೊಡಗಿದರು. “ಗುರುವಾರ ಇನ್ನೂ ಬಂದಿಲ್ಲ, ಬಿಚ್ರವ್ವ ಮೂಟೆಯ,” ಎಂದು ಪುಟ್ಟಮಲ್ಲಮ್ಮ ಗದರಿದಳು.

ಬುಧವಾರ ನೆತ್ತಿಬಿಸಿಲಿಗೆ ಗಿರಣಿ ಹಾಕಿ, ಕಣ್ಣು ಮುಚ್ಚಿ ಪಕ್ಕದಲ್ಲೇ ಕೂತಳು. ಇದು ಬೆಲ್ಟಿನ ಸದ್ದಲ್ಲ, ಕಲ್ಲಿನ ಸದ್ದೂ ಅಲ್ಲ. ಮೋಡ ಬಂದಾಗಿನ ದನಿ. ಹೊರಗೆ ಬಂದರೆ ಆಕಾಶ ತೊಳೆದಿಟ್ಟ ಹಾಗಿದೆ. ಮೋಡ ಎಲ್ಲಿ? ಅವಳ ಕಣ್ಣು ಪ್ಲೇಟುಗಳ ಮೇಲೆ ನಿಂತಿತು. ಎಂಟಕ್ಕೂ ಅಡ್ಡಡ್ಡ ಮೂರು ಪಟ್ಟೆ ವಿಭೂತಿ. ಗಂಧದಲ್ಲಿ ಕಲಸಿ ಅಂಗೈಯಗಲ ಬಳಿದದ್ದು ಸುಣ್ಣದಂತೆ ಒಣಗಿ ಕೂತಿತ್ತು.

ಆಯುಧಪೂಜೆಯ ದಿನ ಬಳಿದವನು ಊರ ಪೂಜೆ ಮಾಡುವ ಹಿರಿಯ ಚಿಕ್ಕಮಾದಪ್ಪ. ಬಿಂದಿಗೆ ಹಿಡಿದು ಹೊರಟವಳನ್ನು ಅವನೇ ಅಡ್ಡಗಟ್ಟಿದ.

“ಪೂಜೆ ವಿಭೂತಿ ತೊಳೀತೀಯಾ? ತಾನಾಗೇ ಉದುರಬೇಕು ಅದು. ಅಳಿಸಿದ್ರೆ ಊರಿಗೆ ಒಳ್ಳೇದಾ?”

“ಮಾದಪ್ಪಣ್ಣ, ನಿನ್ನ ಅಣೇಲೂ ವಿಭೂತಿ ಅದೆ. ಕಣ್ಣಿಗೂ ಬಳ್ಕಂಡಿದ್ದೀಯಾ?”

“ಕಣ್ಣಿಗೆ ಯಾವನು ಬಳ್ಕತಾನೆ?”

“ಇದಕ್ಕೆ ಮೈಯೆಲ್ಲ ಕಣ್ಣು ಕಣಣ್ಣ. ಬಿಸಿಲು ನೋಡೋ ಕಣ್ಣಿಗೇ ಮೆತ್ತಿಬುಟ್ಟಿದ್ದೀವಿ.”

“ಯಾರು ಯೋಳಿದ್ರು? ಆ ನಟರಾಜನಾ?”

“ಗಿರಣೀನೇ ಯೋಳ್ತು.”

ಹೆಂಗಸರು ನಕ್ಕರು. ಮಾದಪ್ಪ ನಗಲಿಲ್ಲ. ಅವಳು ಬಿಂದಿಗೆ ಕೆಳಗಿಡಲೂ ಇಲ್ಲ.

“ಬಳಿದ ಕೈನೇ ತೊಳೀಲಿ ಅಣ್ಣ. ಪಾಪ ಬಂದ್ರೆ ನಂಗಿರ್ಲಿ. ನಾಳೆ ಇದನ್ನ ಬಿಚ್ಕಂಡು ಓದ್ರೆ, ಆನೆ ದಾರೀಲಿ ಮೂಟೆ ಒರೋಳು ನಿನ್ನ ಸೊಸೆ ಪುಷ್ಪನೇ. ಆರು ತಿಂಗಳ ಬಸುರಿ ಅವ್ಳು.”

ಮಾದಪ್ಪ ಪ್ಲೇಟಿನ ಹತ್ತಿರ ಬಂದ. “ಅಂಗಾದ್ರೆ ಇದ್ರ ಅಣೆ ಯಾವುದವ್ವ?”

ಅವಳು ಮೇಲಂಚಿನ ಕಬ್ಬಿಣದ ಪಟ್ಟಿ ತೋರಿಸಿದಳು. ಅವನು ಹೆಗಲ ಟವೆಲ್ಲು ನೆನೆಸಿ, ಮಗುವಿನ ಮುಖ ಒರೆಸಿದ ಹಾಗೆ ಒಂದೊಂದಾಗಿ ಒರೆಸಿದ. ಕಬ್ಬಿಣಕ್ಕೆ ಮೂರು ಗೆರೆ ಎಳೆದು ಕೈಮುಗಿದ. ಎಂಟನೆಯದು ಮುಗಿಯುವ ಮೊದಲೇ ಒಳಗೆ ಗಿರಣಿಯ ದನಿ ಏರಿತ್ತು.

ಗುರುವಾರ ನಟರಾಜು ಸ್ಪ್ಯಾನರು, ಹಗ್ಗ ಎಲ್ಲ ತಂದಿದ್ದ. ಓಡುತ್ತಿದ್ದ ಗಿರಣಿ ನೋಡಿ ಬಾಗಿಲಲ್ಲೇ ನಿಂತು ಕೇಳಿದ. “ಏನು ರಿಪೇರಿ ಮಾಡ್ಸಿದ್ರಮ್ಮ?”

“ಮೊಕ ತೊಳದ್ವಿ ಸಾ.”

ತಂದ ಹಗ್ಗವನ್ನು ಅವನು ಹಾಗೇ ಬೈಕಿಗೆ ಕಟ್ಟಿಕೊಂಡು ಹೋದ.

ಅಂದಿನಿಂದ ಪುಟ್ಟಮಲ್ಲಮ್ಮ ದಿನಾ ಬೆಳಿಗ್ಗೆ ತನ್ನ ಮುಖ ತೊಳೆದ ಮೇಲೆ ಎಂಟು ಪ್ಲೇಟಿನ ಮುಖ ಒರೆಸುತ್ತಾಳೆ. ಬಟ್ಟೆ ಹಿಂಡಿ ಬೇಲಿಗೆ ಹರವಿ, ಪುಷ್ಪ ಕಳಿಸಿದ ರಾಗಿಯನ್ನು ಮೊರಕ್ಕೆ ಸುರಿದುಕೊಂಡು, ಕಲ್ಲು ಆರಿಸಲು ಕೂರುತ್ತಾಳೆ.