ಮುನ್ಷಿಗಳ ತಲೆಯ ಬೆಂಕಿ

ಹರಿಹರದ ಮುನ್ಷಿ ಖಾದರ್ ಸಾಹೇಬರು ಮಾತಿನ ನಡುವೆ ಥಟ್ಟನೆ ನಿಂತು, ಕಿಡಿ ಬಿದ್ದಿದೆಯೇನೋ ಎಂಬಂತೆ ಅಂಗೈಯಿಂದ ತಮ್ಮ ಬೆಳ್ಳನೆಯ ತಲೆಯನ್ನು ತಟ್ಟಿಕೊಳ್ಳುತ್ತಿದ್ದರು. ಕೂತಲ್ಲಿ ಕೂರುವವರಲ್ಲ. ಅಮಲ್ದಾರರ ಕಚೇರಿಗೆ ಹಳೆಯ ಫಾರ್ಸಿ ಸನ್ನದುಗಳನ್ನು ಓದಿಕೊಡುತ್ತಿದ್ದವರು, ಈಗ ಒಂದು ಪದಕ್ಕಾಗಿ ಪಡಸಾಲೆಯನ್ನು ಹತ್ತು ಸಲ ಅಳೆಯುತ್ತಿದ್ದರು.

ನಾನು ಆಗ ದಾವಣಗೆರೆಯ ಕಾಲೇಜಿನಲ್ಲಿ ಚರ್ಚಾಪಟು. ಧರ್ಮಗ್ರಂಥಗಳನ್ನೆಲ್ಲ ಮಾತಿನಲ್ಲೇ ಕೆಡವಬಲ್ಲೆನೆಂಬ ಹುಮ್ಮಸ್ಸು. ಅದಕ್ಕೆ ಮದ್ದುಗುಂಡು ಹುಡುಕಿಕೊಂಡೇ ಅವರಲ್ಲಿಗೆ ಹೋದದ್ದು. ಕಣ್ಣು ಮಂಜಾಗಿದ್ದ ಅವರಿಗೆ ಬರೆದುಕೊಡುವ ಕೈ ಬೇಕಿತ್ತು. ಅವರ ಹೆಂಡತಿ ಹುಸೇನಮ್ಮ ಲೋಕಿಕೆರೆಯ ಪಿಂಜಾರರ ಮಗಳು, ಮನೆಮಾತು ಕನ್ನಡ. ಕುರಾನಿನಲ್ಲಿ ಮಕ್ಕಳಿಲ್ಲದ ಮುದುಕನೊಬ್ಬ ದೇವರಲ್ಲಿ ಕೂಸು ಬೇಡುವ ಪ್ರಾರ್ಥನೆಯಿದೆ. ಅದನ್ನು ತಮ್ಮ ಮಾತಿನಲ್ಲಿ ಕೇಳಬೇಕೆಂಬುದು ಮಕ್ಕಳಿಲ್ಲದ ಆಕೆಯ ಆಸೆ. ಮುನ್ಷಿಗಳ ಕಣ್ಣು ಪೂರ್ತಿ ಹೋಗುವ ಮೊದಲು ಆ ಒಂದು ಪುಟ ಕನ್ನಡಕ್ಕೆ ಬರಬೇಕಿತ್ತು.

ಸಿಕ್ಕಿಬಿದ್ದದ್ದು ಒಂದೇ ಸಾಲಿನಲ್ಲಿ. ನರೆಯಿಂದ ನನ್ನ ತಲೆ ಹೊತ್ತಿ ಉರಿದಿದೆ ಎನ್ನುತ್ತಾನೆ ಆ ಮುದುಕ. ಅರಬ್ಬಿ ಸಾಲಿನ ಕೆಳಗೆ ಫಾರ್ಸಿ ಅಚ್ಚಾಗಿದ್ದ ಎರಡು ಹಳೆಯ ಪ್ರತಿಗಳು ಮುನ್ಷಿಗಳಲ್ಲಿದ್ದವು. ಒಬ್ಬ ಅನುವಾದಕ ಉರಿಯನ್ನು ಹಾಗೇ ಇಟ್ಟಿದ್ದ. ಇನ್ನೊಬ್ಬ ಅದನ್ನು ಆರಿಸಿ, ಕೂದಲು ಬೆಳ್ಳಗಾಯಿತು ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದ.

"ಕನ್ನಡದಾಗೆ ತಲೆ ಉರೀತು ಅಂದ್ರೆ ಸಿಟ್ಟು ಬಂತು ಅಂತ ಆಗ್ತೈತ್ರಿ, ಅಜ್ಜಾರೇ. ಬೇಡಾಕೆ ಬಂದವ ಜಗಳಕ್ಕೆ ಬಂದಂಗೆ ಕಾಣ್ತಾನೆ. ಬೆಂಕಿ ತೆಗೀರಿ," ಎಂದೆ.

"ತೆಗೆದ್ರೆ ಏನು ಉಳೀತೈತೆ? ಕಟಿಂಗ್ ಅಂಗಡಿ ಸುದ್ದಿ!"

"ಹಂಗಾದ್ರೆ ಇಬ್ರು ಫಾರ್ಸಿಯವರಾಗೆ ಒಬ್ಬ ಸುಳ್ಳ. ಯಾರು, ಹೇಳ್ರಿ?"

ಅವರು ತಲೆ ತಟ್ಟಿಕೊಂಡು, ಆ ಸಾಲನ್ನು ಖಾಲಿ ಬಿಡಿಸಿದರು. ಗೆದ್ದೆ ಅಂದುಕೊಂಡೆ. ಮೂರು ತಿಂಗಳು ಅದು ಖಾಲಿಯೇ ಇತ್ತು. "ಮುಗೀತೇನಪ್ಪ?" ಎಂದು ಕೇಳುವುದನ್ನು ಹುಸೇನಮ್ಮ ಬಿಟ್ಟೇಬಿಟ್ಟರು. ನನ್ನ ಗೆಲುವು ನನಗೇ ಚುಚ್ಚತೊಡಗಿತು.

ಕೊನೆಯ ಸಲ ಕಂಡಾಗ ಮುನ್ಷಿಗಳಿಗೆ ಜ್ವರ. ನಾನು ಅವರ ಕೂದಲನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು ಹುಸೇನಮ್ಮ ಚಹಾ ಇಡುತ್ತ ಅಂದರು: "ಏನ್ ನೋಡ್ತೀಯಪ್ಪ, ನಲವತ್ತಕ್ಕೇ ನರೆ ಹತ್ಕಂಡಿತ್ತು ಇವ್ರಿಗೆ."

ಮುನ್ಷಿಗಳು ಎದ್ದು ಕೂತರು. "ಬರೀರಿ, ವಕೀಲ್ ಸಾಹೇಬ್ರೇ! ತಲೆಗೆ ನರೆ ಹತ್ತಿಕೊಂಡಿತು!"

"ಬೆಂಕಿ ಎಲ್ಲೈತ್ರಿ ಇದ್ರಾಗೆ?"

"ಹತ್ಕಳಾದು ಇನ್ನೇನ್ರೀ, ಸೀಗೆಪುಡಿನಾ?"

ಬರೆದೆ. ಆದರೆ ಸುಮ್ಮನೆ ಸೋಲೊಪ್ಪುವ ಆಸಾಮಿ ನಾನಲ್ಲ. ತುಕ್ಕೂ ಹತ್ತುತ್ತದೆ, ಹುಚ್ಚೂ ಹತ್ತುತ್ತದೆ, ಅಲ್ಲೆಲ್ಲಿ ಬೆಂಕಿ? ಮುಂದಿನ ವಾರ ದಾರಿಯುದ್ದಕ್ಕೂ ಬಸ್ಸಿನಲ್ಲಿ ಇದನ್ನೇ ಮಸೆದುಕೊಂಡು ಹೋದೆ. ಪಡಸಾಲೆಯಲ್ಲಿ ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿದ್ದರು. ಮುನ್ಷಿಗಳನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು.

ಹುಸೇನಮ್ಮ ಆ ಪುಟವನ್ನು ನನ್ನ ಮುಂದಿಟ್ಟರು. "ಅವ್ರ ಬಾಯಿಂದ ಕೇಳಾಕಾಗಲಿಲ್ಲ. ನೀನೇ ಓದಪ್ಪ."

ಓದಿದೆ. ಆ ಸಾಲು ಬಂದಾಗ ಆಕೆ ಸೆರಗು ಸರಿಸಿ, ಅಂಗೈಯಿಂದ ತಮ್ಮ ತಲೆಯನ್ನು ತಟ್ಟಿಕೊಂಡರು.

"ಇನ್ನೊಂದ್ಸಲ," ಎಂದರು.

ನನ್ನ ತುಕ್ಕಿನ ವಾದ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡು, ಮತ್ತೆ ಮೊದಲಿನಿಂದ ಓದಿದೆ.