ಯೂದನ ಜಾಗಕ್ಕೆ ಒಂದು ಮುಖ

ಅಚ್ಚಿನಕ್ಕನ ಕೈಗೆ ಮರದ ಹಲಗೆ ಸಿಕ್ಕರೆ ಊಟ ನಿದ್ದೆ ಎರಡೂ ಮರೆತುಹೋಗುತ್ತವೆ. ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಒತ್ತಿ ತೆಗೆಯುವುದು ಅವಳ ಕಸುಬು. ಮೊದಲು ಕಾಗದದಲ್ಲಿ ಬರೆದುಕೊಳ್ಳುವ ಜಾಯಮಾನ ಅವಳದಲ್ಲ. ಆಳನ್ನು ಎದುರಿಗೆ ಕೂರಿಸಿಕೊಂಡು, ಕಂಡದ್ದನ್ನು ಕಂಡ ಹಾಗೆ ನೇರ ಹಲಗೆಗೇ ಇಳಿಸುತ್ತಾಳೆ. ಒತ್ತಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಕೇಳಿದರೆ, "ಆಗ್ಲಿ ಬಿಡಿ, ಕನ್ನಡೀಲಿ ಕಾಣೋ ಮುಖಾನೇ ಎಲ್ರಿಗೂ ಇಷ್ಟ" ಅನ್ನುತ್ತಾಳೆ. ಗಟ್ಟಿಗಿತ್ತಿ ಅಂದರೆ ಅವಳು.

ಯೇಸು ಶಿಷ್ಯರೊಡನೆ ಮಾಡಿದ ಕಡೆಯ ಊಟವನ್ನು ತನ್ನ ಬೀದಿಯವರ ಮುಖಗಳಲ್ಲೇ ಕೆತ್ತುತ್ತೇನೆಂದು ಅವಳು ಹೊರಟಾಗ, ಬೀದಿಗೆ ಬೀದಿಯೇ ತಲೆ ಬಾಚಿಕೊಂಡು ಬಂತು. ರೊಟ್ಟಿ ಮುರಿಯುವ ಯೇಸುವಿನ ಜಾಗಕ್ಕೆ ಬೇಕರಿಯ ಅಜ್ಜಿ. ದರ್ಜಿ, ನರ್ಸಮ್ಮ, ಬಸ್ ಡ್ರೈವರ್ ಎಲ್ಲ ಶಿಷ್ಯರಾದರು. ಗುರುವನ್ನು ಹಿಡಿದುಕೊಟ್ಟ ಯೂದನಾಗಲು ಮಾತ್ರ ಯಾರೂ ತಯಾರಿಲ್ಲ. ಆ ಬೀದಿಯಲ್ಲಿ ಒಮ್ಮೆ ಅಡ್ಡಹೆಸರು ಅಂಟಿತೆಂದರೆ ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ.

"ಗಡಿಯಾರದವನಿದಾನಲ್ಲ, ಅವನನ್ನೇ ಹಾಕು" ಎಂದ ದರ್ಜಿ. "ಪುರಸಭೆಯೋರ ಕೈಲಿ ನಮ್ಮ ಅಂಗಡಿ ಮುಂದಿನ ನೆರಳಿನ ತಗಡು ಕೀಳಿಸಿದ್ದು ಯಾರು ಮತ್ತೆ?"

ಗಡಿಯಾರ ರಿಪೇರಿಯವನು ಪುರಸಭೆಗೆ ಚಾಡಿ ಹೇಳಿದ್ದನ್ನು ಕಂಡವರಿಲ್ಲ, ಕೇಳಿದವರಿಲ್ಲ. ಆದರೂ ತಗಡು ಹೋದಂದಿನಿಂದ ಅವನ ಜತೆ ಯಾರಿಗೂ ಮಾತಿರಲಿಲ್ಲ.

ದರ್ಜಿಯ ಮಾತು ಅವನ ಕಿವಿಗೂ ಬಿತ್ತು. ಅಂಗಡಿ ಮುಚ್ಚಿ ಅವನೇ ಬಂದು ಅಚ್ಚಿನಕ್ಕನೆದುರು ಕೂತ. "ಬರೀರಿ ಅಕ್ಕ. ಹೇಗೂ ನನ್ನ ಹೆಸರು ಕೆಟ್ಟೇ ಹೋಗಿದೆ. ನಿಮ್ಮ ಕೆಲಸ ಯಾಕೆ ನಿಲ್ಲಬೇಕು?"

ಅಚ್ಚಿನಕ್ಕ ಉಳಿ ಕೈಗೆತ್ತಿಕೊಂಡು ಯೋಚಿಸಿದಳು. ಕೆತ್ತಿದ ಮರವನ್ನು ಮತ್ತೆ ತುಂಬಲಾಗದು. ಆ ಜಾಗದಲ್ಲಿ ಈ ಮುಖ ಕೆತ್ತಿದರೆ ಬೀದಿಯ ಗುಮಾನಿಗೆ ತಾನೇ ಮೊಹರು ಒತ್ತಿದಂತೆ. "ಸ್ವಲ್ಪ ತಲೆ ಬಗ್ಗಿಸಪ್ಪ, ಗಡಿಯಾರದೊಳಗೆ ನೋಡೋ ಹಾಗೆ" ಎಂದಷ್ಟೇ ಹೇಳಿ ಅವನನ್ನು ಹಲಗೆಗಿಳಿಸಿದಳು. ಅವನು ಹೋದ ಮೇಲೆ ಗೋಡೆಯ ಕನ್ನಡಿ ಬಿಚ್ಚಿ ತಂದು ಎದುರಿಗಿಟ್ಟುಕೊಂಡಳು.

ಅಚ್ಚು ಒಣಗಲು ಹಾಕಿದ ದಿನ ಎಲ್ಲರೂ ಮುಗಿಬಿದ್ದರು. ಗಡಿಯಾರದವನು ಅಜ್ಜಿಯ ಮಗ್ಗುಲಲ್ಲೇ, ಗುರುವಿಗೆ ಅಚ್ಚುಮೆಚ್ಚಿನ ಶಿಷ್ಯನ ಜಾಗದಲ್ಲಿ, ರೊಟ್ಟಿಯತ್ತ ಬಗ್ಗಿ ಕೂತಿದ್ದ. ಹಣದ ಚೀಲ ಹಿಡಿದು ಯೂದನ ಜಾಗದಲ್ಲಿದ್ದವಳು ಅಚ್ಚಿನಕ್ಕ.

ಗಡಿಯಾರದವನು ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದ. "ನಮ್ಮೆಲ್ಲರ ಮುಖ ಎಡಬಲ ಆಗಿದೆ. ನಿಮ್ಮ ಕೆನ್ನೆಯ ಮಚ್ಚೆ ಮಾತ್ರ ಇದ್ದ ಕಡೇನೇ ಇದೆಯಲ್ಲಕ್ಕ?"

"ನಂದು ಕನ್ನಡಿ ನೋಡಿ ಬರೆದದ್ದು. ತಿರುಗಿದ್ದು ಇನ್ನೊಂದ್ಸಲ ತಿರುಗಿ ನೆಟ್ಟಗಾಯ್ತು."

ದರ್ಜಿ ಬೆಂಚಿನಲ್ಲಿ ಸರಿದು, ಗಡಿಯಾರದವನಿಗೆ "ಕೂತ್ಕೊಳ್ಳೋ" ಎಂದ.

ಅಡ್ಡಹೆಸರು ಅಂಟದೆ ಬಿಡಲಿಲ್ಲ. ಈಗ ಅವಳು ಬೀದಿಗೆಲ್ಲ ಯೂದಕ್ಕ. ಕರೆದರೆ ನಗುತ್ತಲೇ ಓಗೊಡುತ್ತಾಳೆ. ಗಡಿಯಾರದವನೊಬ್ಬ ಮಾತ್ರ ಅಂಗಡಿಯಿಂದಲೇ ಗದರುತ್ತಾನೆ, "ಅಚ್ಚಿನಕ್ಕ ಅನ್ರೋ." ಅವನು ಗದರಿದರೆ ಈಗ ಜನ ಸುಮ್ಮನಾಗುತ್ತಾರೆ.